ಕೆರೆಯ ಮೇಲೆ ತೂಗುವ ನೊರೆ ಯಾರದು?

ಪ್ರಶ್ನೆ: ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಮೇಲಿನ ಬರೆಯಲ್ಲಿ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗ ಇದೆ, ಅದರ ನೀರು ಒಂದು ಸಣ್ಣ ಕೆರೆಗೆ ಬೀಳುತ್ತದೆ. ಕೆರೆಯ ಮೇಲೆ ಉಪ್ಪಳಿಗೆ ಮರವೊಂದು ಬಾಗಿಕೊಂಡಿದೆ. ಜೂನ್ ಕೊನೆಯಿಂದ ಅದರ ಎಲೆಗಳಲ್ಲಿ ಬಿಳಿ ನೊರೆಯ ಮುದ್ದೆಗಳು ಕಾಣಿಸುತ್ತಿವೆ. ರಾತ್ರಿ ಟಾರ್ಚ್ ಹಾಕಿದರೆ ಅಂಗೈಯಷ್ಟು ದೊಡ್ಡ ಹಸಿರು ಕಪ್ಪೆ, ಕಾಲ್ಬೆರಳುಗಳ ನಡುವೆ ಕೆಂಪು. ನೋಡುತ್ತಿದ್ದ ಹಾಗೆ ಕೊಂಬೆಯಿಂದ ಹಾರಿ ಆಚೆ ದಡದ ಅಡಿಕೆ ಮರಕ್ಕೆ ಅಂಟಿಕೊಂಡಿತು. ಅಪ್ಪ ಹೇಳುವುದು, ಇದು ವಿಷದ ಕಪ್ಪೆ, ನೊರೆ ಬಿದ್ದರೆ ನೀರು ಹಾಳು, ಕೊಂಬೆ ಕಡಿಸಿಬಿಡೋಣ ಅಂತ. ದನಗಳಿಗೂ ತೋಟಕ್ಕೂ ಅದೇ ನೀರು. ಸೊಳ್ಳೆ ಜಾಸ್ತಿ ಅಂತ ಕೆರೆಗೆ ಮೀನು ಬಿಡುವ ಯೋಚನೆಯೂ ಇದೆ. ಅಡಿಕೆಗೆ ಎರಡನೇ ಸಲದ ಮದ್ದು ಬಿಡುವ ಸಮಯವೂ ಹತ್ತಿರ ಬಂತು. ಮಗಳಿಗೆ ಗೊದಮೊಟ್ಟೆಯನ್ನು ಬಾಟಲಿಯಲ್ಲಿ ಸಾಕಬೇಕಂತೆ. ಏನು ಮಾಡುವುದು?

ಉತ್ತರ: ಮೊದಲು ಕೊಂಬೆಯ ವಿಷಯ. ದಯವಿಟ್ಟು ಕಡಿಸಬೇಡಿ. ಕಡಿಸಲೇಬೇಕು ಅಂತಿದ್ದರೆ ಅಕ್ಟೋಬರ್ ಕಳೆಯಲಿ. ಆಗಲೂ ನೀರಿನ ಮೇಲೆ ಚಾಚಿದ ಒಂದೆರಡು ಕೊಂಬೆ ಹಾಗೇ ಇರಲಿ. ಯಾಕೆ ಅಂತ ಹೇಳುತ್ತೇನೆ.

ನೀವು ನೋಡಿದ್ದು ಮಲಬಾರ್ ಹಾರುಗಪ್ಪೆ. ವಿಜ್ಞಾನದ ಹೆಸರು ರಾಕೊಫೋರಸ್ ಮಲಬಾರಿಕಸ್. ಹಸಿರು ಬೆನ್ನು, ಹಳದಿ ಹೊಟ್ಟೆ, ಬೆರಳುಗಳ ನಡುವೆ ಕಿತ್ತಳೆ ಕೆಂಪಿನ ಪೊರೆ, ಮೇಲಿಂದ ಹಾರುವ ಅಭ್ಯಾಸ. ನಿಮ್ಮ ಕಡೆ ಇಷ್ಟೂ ಲಕ್ಷಣ ಇರುವ ಬೇರೆ ಕಪ್ಪೆ ಇಲ್ಲ. ಪಶ್ಚಿಮ ಘಟ್ಟ ಮತ್ತು ಅದರ ಬುಡದ ಊರುಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇದು ಸಿಗುವುದಿಲ್ಲ. ಬಡಗು ದಿಕ್ಕಿಗೆ ಮಹಾರಾಷ್ಟ್ರದ ಅಂಬೋಲಿ ಕಡೆಯೂ ಇದೆ, ತೆಂಕಿಗೆ ಕೇರಳದ ಉದ್ದಕ್ಕೂ ಇದೆ. 1870ರಲ್ಲಿ ಇದನ್ನು ಮೊದಲು ಹೆಸರಿಟ್ಟು ವಿವರಿಸಿದವರು ಥಾಮಸ್ ಜೆರ್ಡನ್. ಬ್ರಿಟಿಷರ ಕಾಲದ ವೈದ್ಯರು, ಕೆಲವು ಕಾಲ ನಿಮ್ಮ ತೆಂಕಿನ ತಲಶ್ಶೇರಿಯಲ್ಲೇ ಸಿವಿಲ್ ಸರ್ಜನ್ ಆಗಿದ್ದರು. ಹಕ್ಕಿಗಳ ವಿಷಯದಲ್ಲಿ ದೊಡ್ಡ ಹೆಸರು. ಕಪ್ಪೆ, ಹಾವು, ಮೀನು ಯಾವುದನ್ನೂ ಬಿಟ್ಟವರಲ್ಲ.

ಇನ್ನು ಅಪ್ಪನ ಮಾತು. ಈ ಕಪ್ಪೆ ವಿಷದ್ದಲ್ಲ. ಕಪ್ಪೆಗಳ ಚರ್ಮದಲ್ಲಿ ಒಂದು ಲೋಳೆ ಇರುತ್ತದೆ. ಅದನ್ನು ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಉರಿಯಬಹುದು, ಅಷ್ಟೇ. ಕೈ ತೊಳೆದುಕೊಂಡರಾಯಿತು. ನಿಜ ಹೇಳಬೇಕೆಂದರೆ ತೊಂದರೆ ಆಗುವುದು ಕಪ್ಪೆಗೆ. ಅದು ಚರ್ಮದಿಂದಲೂ ಉಸಿರಾಡುತ್ತದೆ, ನೀರು ಹೀರುತ್ತದೆ. ನಮ್ಮ ಕೈಯ ಉಪ್ಪು, ಸೊಳ್ಳೆಗೆ ಹಚ್ಚಿಕೊಂಡ ಮುಲಾಮು, ಸ್ಯಾನಿಟೈಸರ್ ಎಲ್ಲವೂ ಅದರ ಮೈಗೆ ಇಳಿಯುತ್ತವೆ. ಅಂಗೈ ಮೇಲೆ ಹಾರುಗಪ್ಪೆ ಕೂರಿಸಿಕೊಂಡು ತೆಗೆದ ಫೋಟೋಗಳು ಮಳೆಗಾಲದಲ್ಲಿ ಮೊಬೈಲ್ ತುಂಬ ಓಡಾಡುತ್ತವೆ, ಅಲ್ವಾ? ನನಗೆ ಅವು ಸ್ವಲ್ಪವೂ ಹಿಡಿಸುವುದಿಲ್ಲ.

ನೊರೆಯಿಂದಲೂ ನೀರು ಹಾಳಾಗುವುದಿಲ್ಲ. ಅದರಲ್ಲಿರುವುದು ಹೆಣ್ಣು ಕಪ್ಪೆಯ ಮೈಯಿಂದ ಬಂದ ಅಂಟು ದ್ರವ, ಗಾಳಿ ಮತ್ತು ಮೊಟ್ಟೆ. ದನ ಕುಡಿದರೂ ಏನೂ ಆಗುವುದಿಲ್ಲ. ಮನುಷ್ಯರು ಕುಡಿಯುವುದಾದರೆ ಕಪ್ಪೆ ಇರಲಿ ಬಿಡಲಿ, ತೆರೆದ ಕೆರೆಯ ನೀರನ್ನು ಕುದಿಸಿಯೇ ಕುಡಿಯಬೇಕು.

ಈ ನೊರೆ ಆಗುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಆದರೆ ಟಾರ್ಚನ್ನು ನೇರ ಹಾಕಬೇಡಿ. ಮೇಲೆ ಕೆಂಪು ಪ್ಲಾಸ್ಟಿಕ್ ಕಾಗದ ಸುತ್ತಿ, ದೂರ ನಿಲ್ಲಿ. ಮಳೆ ಹನಿ ನಿಂತ ರಾತ್ರಿ ಗಂಡುಗಳು ಕೆರೆಯ ಸುತ್ತ ಗಿಡಗಳಲ್ಲಿ ಕೂತು ಕೂಗುತ್ತವೆ. ಹೆಣ್ಣು ಮೇಲಿನ ಮರದಿಂದ ಇಳಿದು ಬರುತ್ತದೆ. ಗಂಡಿಗಿಂತ ಹೆಣ್ಣು ಚೆನ್ನಾಗಿ ದೊಡ್ಡದು. ದೊಡ್ಡ ಹೆಣ್ಣು ಮೂತಿಯಿಂದ ಹಿಂಬದಿಯವರೆಗೆ 8ರಿಂದ 10 ಸೆಂಟಿಮೀಟರ್ ಇರಬಹುದು. ಗಂಡು ಅದರ ಬೆನ್ನೇರಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗಂಡನ್ನು ಹೊತ್ತುಕೊಂಡೇ ಹೆಣ್ಣು ಜಾಗ ಹುಡುಕುತ್ತದೆ. ಈ ಎಲೆ ಬೇಡ, ಆ ಎಲೆ ಬೇಡ ಅಂತ ಬಹಳ ಹೊತ್ತು ಹಿಡಿಯುವುದುಂಟು. ಕೊನೆಗೆ ನೀರಿನ ನೇರ ಮೇಲಿರುವ ಒಂದು ಎಲೆಗೋ ಕೊಂಬೆಗೋ ಬಂದು ನಿಲ್ಲುತ್ತದೆ.

ಆಮೇಲೆ ಶುರು. ಹೆಣ್ಣು ಸ್ವಲ್ಪ ದ್ರವ ಬಿಟ್ಟು, ಹಿಂಗಾಲುಗಳನ್ನು ಹಿಂದಕ್ಕೆ ಚಾಚಿ, ಮಜ್ಜಿಗೆ ಕಡೆದ ಹಾಗೆ ಅತ್ತಿತ್ತ ಕಡೆಯುತ್ತದೆ. ದ್ರವ ಉಬ್ಬಿ ನೊರೆಯಾಗುತ್ತದೆ. ಒಂದಿಷ್ಟು ಮೊಟ್ಟೆ, ಮತ್ತೆ ದ್ರವ, ಮತ್ತೆ ಕಡೆತ. ಮೊಟ್ಟೆಗಳು ನೊರೆಯ ಒಳಗೆ ಹರಡಿಕೊಳ್ಳುತ್ತವೆ. ಬೆನ್ನ ಮೇಲಿನ ಗಂಡು ಅದೇ ಹೊತ್ತಿಗೆ ಅವನ್ನು ಫಲವತ್ತಾಗಿಸುತ್ತದೆ. ಕೆಲವೊಮ್ಮೆ ಬೇರೆ ಗಂಡುಗಳೂ ಬಂದು ಪಕ್ಕದಲ್ಲಿ ಅಂಟಿಕೊಂಡು ತಮ್ಮ ಪಾಲು ಸೇರಿಸಲು ನೋಡುತ್ತವೆ. ಒಂದು ಹೆಣ್ಣಿನ ಸುತ್ತ ಮೂರು ನಾಲ್ಕು ಗಂಡು ಮುದ್ದೆಯಾಗಿ ಕೂತಿದ್ದರೆ ಜಗಳ ಅಂದುಕೊಳ್ಳಬೇಡಿ. ಕೆಲಸ ಮುಗಿದ ಮೇಲೆ ಗಂಡು ಇಳಿದು ಹೋಗುತ್ತದೆ. ಹೆಣ್ಣು ಕೆಲವು ಸಲ ಉಳಿದು, ಕಾಲಿನಿಂದ ಅಕ್ಕಪಕ್ಕದ ಎಲೆಗಳನ್ನು ಎಳೆದು ನೊರೆಗೆ ಅಂಟಿಸಿ ಮುಚ್ಚುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಶೋಧಕರು ಈ ಕಪ್ಪೆಯ ಕೂಡುವಿಕೆ ಮತ್ತು ಗೂಡು ಕಟ್ಟುವಿಕೆಯನ್ನು ರಾತ್ರಿಯೆಲ್ಲ ಕೂತು ನೋಡಿ 2000ನೇ ಇಸವಿಯಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು.

ಆ ಪತ್ರಿಕೆಯ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. 1932ರಲ್ಲಿ ಅದು ಶುರುವಾದಾಗ ಮೊದಲ ಸಂಪಾದಕರಾಗಿದ್ದವರು ಸಿ. ಆರ್. ನಾರಾಯಣ ರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವಿವರಿಸಿದರು, ಕೊಟ್ಟಿಗೆಹಾರದ ಹೆಸರು ಹೊತ್ತ ಕಪ್ಪೆಯೂ ಅದರಲ್ಲೊಂದು. ಮಳೆಗಾಲದ ಸಂಜೆ ನಿಮ್ಮ ಬೇಲಿಯಿಂದ ‘ಟಿಕ್ ಟಿಕ್’ ಅಂತ ಕೇಳುತ್ತದಲ್ಲ, ಹೆಬ್ಬೆರಳ ಉಗುರಿನಷ್ಟೇ ದೊಡ್ಡ ಪೊದೆಗಪ್ಪೆ, ಆ ಕುಲಕ್ಕೆ 2010ರಲ್ಲಿ ರಾವೋರ್ಕೆಸ್ಟಸ್ ಅಂತ ಹೆಸರಿಟ್ಟಿದ್ದು ಇವರ ನೆನಪಿಗೇ. ಆ ಪುಟ್ಟ ಕಪ್ಪೆಗಳಿಗೆ ಕೆರೆಯೂ ಬೇಡ, ನೊರೆಯೂ ಬೇಡ. ಗೊದಮೊಟ್ಟೆಯ ಹಂತವನ್ನೇ ಬಿಟ್ಟು, ಮೊಟ್ಟೆಯೊಳಗಿಂದ ನೇರ ಮರಿಗಪ್ಪೆಯಾಗಿ ಹೊರಬರುತ್ತವೆ.

ನಿಮ್ಮ ಹಾರುಗಪ್ಪೆಗೆ ಮಾತ್ರ ಕೆರೆ ಬೇಕೇ ಬೇಕು. ಮೊಟ್ಟೆಯನ್ನು ನೀರಿನಲ್ಲೇ ಇಟ್ಟರೆ ಮೀನು, ಏರೋಪ್ಲೇನ್ ಚಿಟ್ಟೆಯ ಮರಿ, ನೀರುತಿಗಣೆ, ಬೇರೆ ಗೊದಮೊಟ್ಟೆಗಳು ಕೂಡ ತಿಂದು ಮುಗಿಸುತ್ತವೆ. ಹಾಗಾಗಿ ಮೊಟ್ಟೆಯ ಕಾಲವನ್ನು ಮೇಲೆ ಕಳೆಯುವ ಉಪಾಯ. ನೊರೆಯ ಹೊರಮೈ ಒಣಗಿ ಹಪ್ಪಳೆಯಾಗುತ್ತದೆ, ಒಳಗೆ ತೇವ ಹಾಗೇ ಇರುತ್ತದೆ. ಗಾಳಿಯ ಗುಳ್ಳೆಗಳಿಂದ ಉಸಿರಿಗೂ ಕೊರತೆ ಇಲ್ಲ. ಒಂದು ಮುದ್ದೆಯಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇರುತ್ತವೆ. ಸುಮಾರು ಒಂದು ವಾರದಲ್ಲಿ ಮರಿಗಳು ಒಳಗೇ ಮಿಸುಕಾಡಲು ಶುರು ಮಾಡುತ್ತವೆ. ನೊರೆಯ ತಳ ಕರಗಿ ಮೆತ್ತಗಾಗುತ್ತದೆ. ಜೋರಾದ ಒಂದು ಮಳೆ ಬಂದರೆ ಒಂದೊಂದಾಗಿ ನೀರಿಗೆ ಉದುರುತ್ತವೆ. ಕೆಳಗೆ ನೀರು ಇದ್ದರೆ ಬದುಕು, ನೆಲ ಇದ್ದರೆ ಮುಗಿಯಿತು. ಕೊಂಬೆ ಕಡಿಯಬೇಡಿ ಅಂದಿದ್ದು ಇದಕ್ಕೇ. ಕೆರೆ ಉಳಿಸಿ ದಡವನ್ನು ಬೋಳು ಮಾಡಿದರೆ ಕಪ್ಪೆಯ ಪಾಲಿಗೆ ಕೆರೆ ಇದ್ದೂ ಇಲ್ಲದ ಹಾಗೆ. ಉಪ್ಪಳಿಗೆ ಒಳ್ಳೆಯ ಮರ. ಎಲೆ ಅಗಲ, ಬೇಗ ಬೆಳೆಯುತ್ತದೆ, ನೀರಿನ ಕಡೆ ಬಾಗುತ್ತದೆ.

ಎಲ್ಲ ನೊರೆಯೂ ಇದರದ್ದೇ ಅಂತಲ್ಲ. ಬಚ್ಚಲಿನ ಗೋಡೆಯಲ್ಲೋ ಸಿಮೆಂಟ್ ತೊಟ್ಟಿಯ ಒಳಮೈಯಲ್ಲೋ ನೊರೆ ಕಂಡರೆ ಅದು ಸಾಮಾನ್ಯ ಮರಗಪ್ಪೆಯದ್ದು, ಪಾಲಿಪೆಡೇಟಸ್ ಮ್ಯಾಕುಲೇಟಸ್. ಕಂದು ಮೈ, ತೊಡೆಯ ಹಿಂದೆ ಹಳದಿ ಚುಕ್ಕೆ, ಮನೆಯೊಳಗೆ ಬಂದು ಕನ್ನಡಿಯ ಹಿಂದೆ ಮಲಗುವ ಆಸಾಮಿ. ಇನ್ನು ಹುಲ್ಲಿನ ಕಡ್ಡಿಯಲ್ಲಿ ಉಗುಳಿನ ಹಾಗೆ ಕಾಣುವ ಚಿಕ್ಕ ನೊರೆ ಕಪ್ಪೆಯದ್ದೇ ಅಲ್ಲ, ಅದು ಒಂದು ಕೀಟದ ಮರಿ ಮಾಡಿಕೊಳ್ಳುವ ಮನೆ.

ಹಾರುವ ವಿಷಯಕ್ಕೆ ಬರೋಣ. ಹಕ್ಕಿಯ ಹಾಗೆ ರೆಕ್ಕೆ ಬಡಿದು ಹಾರುವುದಿಲ್ಲ, ಜಾರುತ್ತಾ ಇಳಿಯುತ್ತದೆ. ಕೈಕಾಲು ನಾಲ್ಕನ್ನೂ ಅಗಲಿಸಿ, ಬೆರಳು ಬಿಡಿಸಿದರೆ ನಾಲ್ಕು ಪುಟ್ಟ ಕೊಡೆ ಬಿಚ್ಚಿಕೊಳ್ಳುತ್ತವೆ. ಹತ್ತು ಮೀಟರ್ ಆಸುಪಾಸು ಹೀಗೆ ಹೋಗಬಲ್ಲದು. ಇಳಿಯುವ ಕಡೆ ಬೆರಳ ತುದಿಯ ಗುಂಡು ಬಿಲ್ಲೆಗಳು ಕೆಲಸಕ್ಕೆ ಬರುತ್ತವೆ. ಭೂತಗನ್ನಡಿಯಲ್ಲಿ ಸಾಲದು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಬಿಲ್ಲೆಯ ಮೇಲೆ ಆರು ಮೂಲೆಯ ಕೋಶಗಳು, ಅವುಗಳ ನಡುವೆ ಸಣ್ಣ ಕಣಿಗಳು, ಕಣಿಗಳಲ್ಲಿ ಲೋಳೆ. ಒದ್ದೆ ಎಲೆಯ ಮೇಲೂ ಜಾರದೆ ಹಿಡಿತ ಸಿಗುವುದು ಇದರಿಂದ. ಹಗಲು ನೋಡಿದರೆ ಇದೇ ಕಪ್ಪೆ ಅಂತ ನಂಬುವುದು ಕಷ್ಟ. ಕಾಲು ಮಡಚಿ, ಕೆಂಪನ್ನೆಲ್ಲ ಹೊಟ್ಟೆಯ ಅಡಿಗೆ ಸೇರಿಸಿ, ಎಲೆಗೆ ಒತ್ತಿಕೊಂಡು ಮಲಗುತ್ತದೆ. ಕಣ್ಣಿಗೆ ಕಾಣುವುದು ಬರೀ ಹಸಿರು. ಹಾರುವ ಕಪ್ಪೆ ಅಂದರೆ ಹೊರಗಿನವರು ಮೊದಲು ಬೋರ್ನಿಯೋದ ಕಪ್ಪೆಯನ್ನು ನೆನೆಯುತ್ತಾರೆ, 1855ರಲ್ಲಿ ಆಲ್‌ಫ್ರೆಡ್ ವಾಲೇಸ್ ಅಲ್ಲಿ ನೋಡಿ ಜಗತ್ತಿಗೆ ಹೇಳಿದ್ದಕ್ಕೆ. ನಮ್ಮದು ಅದರ ನೆಂಟನೇ. ನೋಡಲಂತೂ ಯಾವ ರೀತಿಯಲ್ಲೂ ಕಡಿಮೆ ಇಲ್ಲ.

ಮಳೆ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ ಅಂತ ನೀವು ಕೇಳಿಲ್ಲ, ಆದರೆ ತೋಟದವರು ತಿಳಿದಿರಬೇಕಾದ್ದು ಅದೇ. ಮೇಲೆ ಹೋಗುತ್ತದೆ. ಎತ್ತರದ ಮರಗಳ ಎಲೆಗಳ ನಡುವೆ ಉಳಿದ ತಿಂಗಳುಗಳನ್ನು ಕಳೆಯುತ್ತದೆ. ಕೆಳಗಿಳಿಯುವ ಕೆಲಸವಿಲ್ಲ, ಹಾಗಾಗಿ ನಮಗೆ ಕಾಣುವುದೂ ಇಲ್ಲ. ಅಂದರೆ ಅದಕ್ಕೆ ಎರಡು ಬೇಕು: ಮಳೆಗಾಲದ ಆಟಿ ತಿಂಗಳಿಗೊಂದು ಕೆರೆ, ಮಾಗಿಗೊಂದು ನೆರಳಿನ ಮರ. ನಿಮ್ಮ ಕಡೆಯ ಹಳೆಯ ತೋಟಗಳಲ್ಲಿ ಇವೆರಡೂ ಒಟ್ಟಿಗೆ ಇದ್ದವು. ಮುರಕಲ್ಲಿನ ಗುಡ್ಡೆಯಿಂದ ಸುರಂಗದ ನೀರು, ಕೆಳಗೆ ಕೆರೆ ಅಥವಾ ಮದಕ, ಸುತ್ತ ಅಡಿಕೆ, ಕರಿಮೆಣಸಿನ ಬಳ್ಳಿ, ಹಲಸು, ಮಾವು, ಪಕ್ಕದಲ್ಲೊಂದು ನಾಗಬನ. ಕಾಡಿನ ಕಪ್ಪೆಯೊಂದು ತೋಟದಲ್ಲೂ ಬಾಳುವುದಕ್ಕೆ ಇಷ್ಟು ಸಾಕು. ಗುಡ್ಡೆಯನ್ನು ಪೂರಾ ಬೋಳಿಸಿ ರಬ್ಬರ್ ಮಾತ್ರ ಹಾಕಿದರೆ ಬೇಸಗೆಯ ಮೊದಲೇ ಎಲೆ ಉದುರಿ ನೆರಳು ಹೋಗುತ್ತದೆ. ರಬ್ಬರ್ ಬೆಳೆಯುವವರ ಮೇಲೆ ನನಗೆ ಕೋಪವಿಲ್ಲ, ಸಂಸಾರ ನಡೆಯಬೇಕಲ್ಲ. ಬರೆಯ ಅಂಚಿನಲ್ಲಿ, ತೋಡಿನ ಬದಿಯಲ್ಲಿ ನಾಲ್ಕು ಕಾಡುಮರ ಉಳಿಸಿದರೆ ಯಾರಿಗೂ ನಷ್ಟವಿಲ್ಲ ಅಂತಷ್ಟೇ ನನ್ನ ಮಾತು.

ಮೀನಿನ ಯೋಚನೆ ಬಿಡಿ. ಸೊಳ್ಳೆಗೆಂದು ಬಿಡುವ ಗ್ಯಾಂಬೂಸಿಯಾ ಮೀನು ಗೊದಮೊಟ್ಟೆಯ ಬಾಲವನ್ನು ಕಚ್ಚಿ ಕೊಲ್ಲುತ್ತದೆ. ತಿಲಾಪಿಯಾ ಬಿಟ್ಟರಂತೂ ಮುಗಿದೇ ಹೋಯಿತು, ಸಿಕ್ಕಿದ್ದೆಲ್ಲ ಅದರ ಹೊಟ್ಟೆಗೆ. ಇನ್ನೂ ಒಂದು ಮಾತು: ಇಂಥ ಕೆರೆಯಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳೂ ನೀರುತಿಗಣೆಗಳೂ ಸೊಳ್ಳೆಮರಿಯನ್ನು ತಿನ್ನುತ್ತಲೇ ಇರುತ್ತವೆ. ನಿಮ್ಮ ಮನೆಯ ಸೊಳ್ಳೆ ಹುಟ್ಟುವುದು ಬಹುಶಃ ಕೆರೆಯಲ್ಲಲ್ಲ. ತೋಟದಲ್ಲಿ ಬಿದ್ದ ಹಾಳೆಯ ಗುಂಡಿ, ತೆಂಗಿನ ಗೆರಟೆ, ರಬ್ಬರಿನ ಹಾಲು ಹಿಡಿಯುವ ಬಟ್ಟಲು, ಟಾರ್ಪಾಲಿನ ಮಡಿಕೆ, ಇವುಗಳಲ್ಲಿ ನಿಂತ ನೀರು ನೋಡಿ. ಡೆಂಗಿ ಹರಡುವ ಸೊಳ್ಳೆಗೆ ಬೇಕಾದ್ದು ಅಂಥ ಜಾಗ. ವಾರಕ್ಕೊಮ್ಮೆ ಅವನ್ನು ಕವುಚಿ ಹಾಕಿದರೆ ಮೀನು ಬಿಟ್ಟದ್ದಕ್ಕಿಂತ ಜಾಸ್ತಿ ಪ್ರಯೋಜನ.

ಈಗ ಕಷ್ಟದ ವಿಷಯ, ಮದ್ದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡದೆ ನಿಮ್ಮ ಕಡೆ ಅಡಿಕೆ ಉಳಿಯುವುದಿಲ್ಲ, ಅದು ನನಗೆ ಗೊತ್ತು. ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಸರಿಯಾಗಿ ಕಪ್ಪೆ ಮೊಟ್ಟೆ ಇಡುವ, ಗೊದಮೊಟ್ಟೆ ಬೆಳೆಯುವ ಕಾಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನ ತಾಮ್ರ ಶಿಲೀಂಧ್ರವನ್ನು ಕೊಲ್ಲುತ್ತದೆ. ನೀರಿಗೆ ಇಳಿದರೆ ಗೊದಮೊಟ್ಟೆಯನ್ನೂ ಕೊಲ್ಲುತ್ತದೆ. ಅದರಲ್ಲೂ ನಿಮ್ಮ ಮುರಕಲ್ಲಿನ ನೀರು ಮೆದು ನೀರು, ಸ್ವಲ್ಪ ಹುಳಿಯ ಕಡೆಗಿರುವುದು. ಗಡಸು ನೀರಿನಲ್ಲಿ ತಾಮ್ರದ ಕಾಟ ಅಷ್ಟಾಗಿ ತಟ್ಟುವುದಿಲ್ಲ. ಮೆದು ನೀರಿನಲ್ಲಿ ಅಷ್ಟೇ ತಾಮ್ರ ಹೆಚ್ಚು ವಿಷವಾಗುತ್ತದೆ. ತಾಮ್ರ ಕೊಳೆತು ಮಾಯವಾಗುವ ವಸ್ತುವೂ ಅಲ್ಲ, ಕೆರೆಯ ಕೆಸರಿನಲ್ಲಿ ವರ್ಷ ವರ್ಷ ಸೇರುತ್ತಾ ಹೋಗುತ್ತದೆ.

ಹಾಗಂತ ಮದ್ದು ಬಿಡಬೇಡಿ ಅನ್ನುವುದಿಲ್ಲ. ಹೆಚ್ಚಿನ ಹಾನಿ ಆಗುವುದು ಮರದ ಮೇಲಿಂದ ತೊಟ್ಟಿಕ್ಕಿದ್ದರಿಂದ ಅಲ್ಲ, ಡ್ರಮ್ಮು ತೊಳೆದದ್ದರಿಂದ. ಕೆಲಸ ಮುಗಿದ ಮೇಲೆ ಪಂಪು, ಪೈಪು, ಡ್ರಮ್ಮು ಎಲ್ಲವನ್ನೂ ತೊಳೆಯುವುದು ಹತ್ತಿರದ ಕೆರೆಯಲ್ಲೇ ಅಲ್ವಾ? ಅದೊಂದನ್ನು ನಿಲ್ಲಿಸಿ. ಮದ್ದು ಕಲಸುವುದನ್ನೂ ತೊಳೆಯುವುದನ್ನೂ ಕೆರೆಯಿಂದ ದೂರ, ನೀರು ಹರಿದು ಕೆರೆಗೆ ಬಾರದ ಕಡೆ ಇಟ್ಟುಕೊಳ್ಳಿ. ಉಳಿದ ಮದ್ದನ್ನು ಕಣಿಗೆ ಚೆಲ್ಲಬೇಡಿ, ಕಣಿ ಕೊನೆಗೆ ಸೇರುವುದು ಕೆರೆಗೋ ತೋಡಿಗೋ ತಾನೆ. ಕೆರೆಯ ಅಂಚಿನಲ್ಲೇ ಇರುವ ನಾಲ್ಕಾರು ಮರಗಳಿಗೆ ಮದ್ದಿನ ಬದಲು ಗೊನೆಗೆ ಪ್ಲಾಸ್ಟಿಕ್ ಕಟ್ಟಿಸಿ. ಇಡೀ ತೋಟಕ್ಕೆ ಅದು ದುಬಾರಿ, ಹತ್ತುವವರೂ ಸಿಗುವುದಿಲ್ಲ. ನಾಲ್ಕಾರು ಮರಕ್ಕಾದರೆ ಕಷ್ಟವಿಲ್ಲ. ಮಳೆ ಬಿಡುವು ಕೊಟ್ಟ ದಿನ ನೋಡಿ ಬಿಡಿಸಿದರೆ ಮದ್ದು ಗೊನೆಗೂ ಹಿಡಿಯುತ್ತದೆ, ಕೆರೆಗೆ ಇಳಿಯುವುದೂ ಕಡಿಮೆ.

ನಿಮ್ಮ ಎಣ್ಮಕಜೆ, ಪಡ್ರೆ ಕಡೆಯವರಿಗೆ ಮದ್ದಿನ ಬಗ್ಗೆ ಹೊರಗಿನವರು ಪಾಠ ಹೇಳುವುದು ಅಷ್ಟು ಚೆನ್ನಾಗಿರುವುದಿಲ್ಲ. ಗೇರು ಗುಡ್ಡೆಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ನೀವು ಕಂಡವರು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕುವವರೆಗೆ ದೇಶದ ಬೇರೆ ಕಡೆ ಅದು ಮಾರಾಟವಾಗುತ್ತಲೇ ಇತ್ತು. ಮೀನು, ಕಪ್ಪೆಗಳಿಗೆ ಅದು ಬಹಳ ಕೆಟ್ಟ ವಿಷ. ಬೋರ್ಡೋ ಆ ಸಾಲಿಗೆ ಸೇರಿದ್ದಲ್ಲ. ಆದರೆ ಕಳೆನಾಶಕ ಬಳಸುವವರಿದ್ದರೆ ಕೆರೆಯ ದಡಕ್ಕೆ ಅದನ್ನು ತರಬೇಡಿ ಅಂತ ಖಂಡಿತ ಹೇಳುತ್ತೇನೆ. ದಡದ ಹುಲ್ಲನ್ನು ಕತ್ತಿಯಲ್ಲೇ ಸವರಿಸಿ.

‘ಕಪ್ಪೆ ಇದ್ದರೆ ಹಾವು ಬರುತ್ತದೆ’ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಬರುತ್ತದೆ, ನಿಜ. ಕೆರೆಗೆ ಬರುವುದು ಹೆಚ್ಚಾಗಿ ನೀರೊಳ್ಳೆ, ವಿಷವಿಲ್ಲದ ಹಾವು. ಆದರೂ ರಾತ್ರಿ ಕಪ್ಪೆ ನೋಡಲು ಹೋಗುವವರು ಕಾಲಿಗೆ ಗಮ್‌ಬೂಟು ಹಾಕಿಕೊಂಡೇ ಹೋಗಿ. ಕೊಂಬೆ ಹಿಡಿಯುವ ಮೊದಲು ಬೆಳಕು ಬಿಟ್ಟು ನೋಡಿ. ಮಲಬಾರ್ ಗುಳಿಮಂಡಲ ಅನ್ನುವ ವಿಷದ ಹಾವೂ ಅಂಥ ಪೊದೆಗಳಲ್ಲೇ ಕಪ್ಪೆಗಾಗಿ ಕಾಯುವುದು.

ನಿಮ್ಮ ಊರಿನಲ್ಲಿ ಈಗ ಪ್ಲಾಸ್ಟಿಕ್ ಹಾಸಿದ ಹೊಂಡಗಳು ಬಹಳ. ಅಂಥದ್ದು ಪಕ್ಕದಲ್ಲಿದ್ದರೆ ಒಳಗೆ ಒಂದು ದಪ್ಪ ತೆಂಗಿನ ಹಗ್ಗ ಇಳಿಬಿಡಿ. ಹಾರುಗಪ್ಪೆಯ ಮರಿ ಬೆರಳ ಬಿಲ್ಲೆಯಿಂದ ಹೇಗೋ ಹತ್ತಿಬಿಡುತ್ತದೆ. ನೆಲಗಪ್ಪೆ, ಗೋಂಕರುಗಪ್ಪೆಗಳಿಗೆ ಆ ಜಾರು ಗೋಡೆ ಹತ್ತಲಾಗುವುದಿಲ್ಲ, ಈಜಿ ಈಜಿ ಸಾಯುತ್ತವೆ. ನೀರಿನ ಮೇಲೆ ಬಲೆ ಹಾಸುವುದಾದರೆ ಗೊದಮೊಟ್ಟೆ ಬಲೆಯ ಮೇಲೆ ಬಿದ್ದು ಒಣಗದ ಹಾಗೆ ಕೊಂಬೆಯ ಕೆಳಗಿನ ಭಾಗ ತೆರೆದಿಡಿ.

ಮಗಳ ಬಾಟಲಿಯ ವಿಷಯ. ಬಾಟಲಿ ಬೇಡ. ಬಿಸಿಯಾಗುತ್ತದೆ, ಉಸಿರಿಗೆ ಗಾಳಿ ಸಾಲದು, ಎರಡು ದಿನದಲ್ಲಿ ನೀರು ನಾರುತ್ತದೆ. ಗೊದಮೊಟ್ಟೆ ಕಪ್ಪೆಯಾಗುವುದಕ್ಕೆ ಎರಡು ತಿಂಗಳ ಆಸುಪಾಸು ಬೇಕು, ಅಷ್ಟು ದಿನ ಬಾಟಲಿಯಲ್ಲಿ ಆಗದ ಮಾತು. ಅದರ ಬದಲು ಒಂದು ಬಿಳಿ ಪ್ಲಾಸ್ಟಿಕ್ ತಟ್ಟೆ ಕೊಡಿ. ವಾರಕ್ಕೊಮ್ಮೆ ಕೆರೆಯ ನೀರನ್ನು ತಟ್ಟೆಗೆ ಮೊಗೆದು, ಒಳಗೆ ಬಂದ ಗೊದಮೊಟ್ಟೆಯನ್ನು ಅಳೆದು, ಚಿತ್ರ ಬರೆದು, ಅಲ್ಲೇ ವಾಪಸ್ ಬಿಡಲಿ. ಮೊದಲು ಹಿಂಗಾಲು ಮೂಡುತ್ತದೆ, ಆಮೇಲೆ ಮುಂಗಾಲು, ಕೊನೆಗೆ ಬಾಲ ಕರಗುತ್ತದೆ. ಬೆರಳ ನಡುವಿನ ಕೆಂಪು ಯಾವ ವಾರ ಕಾಣಿಸಿತು ಅಂತ ಅವಳು ಬರೆದಿಟ್ಟರೆ ನನಗೂ ಒಂದು ಪ್ರತಿ ಕಳಿಸಿ. ಕೆರೆಗೆ ಹೋಗುವಾಗ ದೊಡ್ಡವರೊಬ್ಬರು ಜೊತೆಗಿರಲಿ, ಮಳೆಗಾಲದಲ್ಲಿ ದಡ ಜಾರುತ್ತದೆ.